ನೆಲ ಕಳೆದುಕೊಳ್ಳುವವರ ಪರ ಸಿನಿಮಾದ ಸಾಕ್ಷ್ಯ

ಸಿನಿಮಾ ಎಂದೊಡನೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳು ಕೇಳಿಬರುತ್ತವೆ. ಅದು ಮಕ್ಕಳ ನಡತೆಯನ್ನು ಕೆಡಿಸುವ, ಅಮೂಲ್ಯ ಸಮಯವನ್ನು ನುಂಗುವ ಮಾಯೆ ಎಂಬುದು ಒಂದು. ನಮ್ಮ ಸಮುದಾಯದ ಮುಖಕ್ಕೆ ಮಸಿ ಬಳಿಯಲೆಂದೇ ತಯಾರಾಗುವ ಸರಕು ಎಂಬುದು ಇನ್ನೊಂದು. ಎರಡಕ್ಕೂ ಆಧಾರವಿಲ್ಲದಿಲ್ಲ. 2023ರಲ್ಲಿ ತೆರೆ ಕಂಡ 'ದಿ ಕೇರಳ ಸ್ಟೋರಿ'ಯ ಪ್ರಚಾರದಲ್ಲಿ 32,000 ಯುವತಿಯರ ಕತೆ ಎಂದು ಹೇಳಲಾಗಿತ್ತು. ಬಳಿಕ ಆ ಸಂಖ್ಯೆ ಮೂರಕ್ಕೆ ಇಳಿಯಿತು. 32,000 ಎಂಬುದಕ್ಕೆ ಅಧಿಕೃತ ಆಧಾರವಿಲ್ಲವೆಂದು ತೆರೆಯ ಮೇಲೆ ತೋರಿಸಬೇಕಾದ ಸ್ಥಿತಿ ಸುಪ್ರೀಮ್ ಕೋರ್ಟಿನಲ್ಲಿ ನಿರ್ಮಾಪಕರಿಗೆ ಬಂತು. ಆದರೆ ಅಷ್ಟರಲ್ಲಿ ಸುಳ್ಳು ಊರೂರು ಸುತ್ತಿ ಬಂದಾಗಿತ್ತು. ಕತೆಯೊಂದಕ್ಕೆ ಎಷ್ಟು ಶಕ್ತಿಯಿದೆ ಎಂಬುದನ್ನು ಏಟು ತಿಂದ ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಹೀಗಿರುವಾಗ ಒಂದು ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕಾಗಿದೆ. ಸುಳ್ಳು ಹೇಳಲು ಇಷ್ಟು ಸಮರ್ಥವಾದ ಮಾಧ್ಯಮವು ಸತ್ಯ ಹೇಳಲು ಅಸಮರ್ಥವೇ? ಅಲ್ಲ. ಮನರಂಜನೆಯೂ ಅಲ್ಲದ, ಅಪಪ್ರಚಾರವೂ ಅಲ್ಲದ ಮೂರನೆಯ ಬಗೆಯ ಸಿನಿಮಾ ನಮ್ಮ ನಾಡಿನಲ್ಲೇ ಇದೆ. ಅದು ಕಾಡು ಕಳೆದುಕೊಂಡ ಆದಿವಾಸಿಯ, ಹೊಲ ಕಳೆದುಕೊಳ್ಳಲಿರುವ ರೈತನ, ವಿಷಪೂರಿತ ನೀರು ಕುಡಿದ ಹಳ್ಳಿಗನ ಪರವಾಗಿ ನಿಂತು ಸಾಕ್ಷಿ ನುಡಿಯುವ ಸಿನಿಮಾ. ಅದರ ಬಗ್ಗೆ ನಮ್ಮ ಸಮುದಾಯ ತೋರುತ್ತಿರುವ ಅಸಡ್ಡೆ ಖೇದಕರ. ಆ ಅಸಡ್ಡೆಯನ್ನು ಪ್ರಶ್ನಿಸುವುದೇ ಈ ಬರಹದ ಉದ್ದೇಶ.

ಕನ್ನಡದ ನಿರ್ದೇಶಕ ಕೇಸರಿ ಹರವೂ ಅವರನ್ನೇ ತೆಗೆದುಕೊಳ್ಳಿ. ಅಭಿವೃದ್ಧಿಯ ಹೆಸರಿನಲ್ಲಿ ನೆಲೆ ಕಳೆದುಕೊಳ್ಳುವ ಬುಡಕಟ್ಟು ಜನರ ಸಂಕಟವನ್ನು ಹೇಳುವ ಅವರ 'ಭೂಮಿಗೀತ' ಚಿತ್ರಕ್ಕೆ ಪರಿಸರ ಸಂರಕ್ಷಣೆಯ ಕುರಿತ ಅತ್ಯುತ್ತಮ ಚಿತ್ರವೆಂದು 1997ನೇ ಸಾಲಿನ ರಾಷ್ಟ್ರಪ್ರಶಸ್ತಿ ಸಂದಿತು. ಅವರೇ ಮುಂದೆ 'ಕಿಸಾನ್ ಸತ್ಯಾಗ್ರಹ' ಎಂಬ ಸಾಕ್ಷ್ಯಚಿತ್ರವನ್ನು ನಿರ್ಮಿಸಿದರು. ಮೂರು ಕೃಷಿ ಕಾಯ್ದೆಗಳ ವಿರುದ್ಧ 2020ರ ನವೆಂಬರಿನಿಂದ 2021ರ ಡಿಸೆಂಬರಿನ ವರೆಗೆ ದಿಲ್ಲಿಯ ಗಡಿಗಳಲ್ಲಿ ಚಳಿ, ಮಳೆ, ಬಿಸಿಲೆನ್ನದೆ ಕುಳಿತ ರೈತರ ಚಿತ್ರವದು. 2024ರ ಬೆಂಗಳೂರು ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಅದು ಪ್ರದರ್ಶನವಾಗಬೇಕಿತ್ತು. ಸೆನ್ಸಾರ್ ಪ್ರಮಾಣಪತ್ರವಿಲ್ಲದ ಚಿತ್ರಗಳನ್ನು ಉತ್ಸವಗಳಲ್ಲಿ ತೋರಿಸಬೇಕಾದರೆ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ ವಿನಾಯಿತಿ ನೀಡಬೇಕು. ಆ ವಿನಾಯಿತಿ ಸಿಗಲಿಲ್ಲ. ಚಿತ್ರ ಉತ್ಸವದಿಂದ ಹೊರಗುಳಿಯಿತು.

ಇದರ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನು ಇಟ್ಟು ನೋಡೋಣ. 2025ರ ಆಗಸ್ಟಿನಲ್ಲಿ ಪ್ರಕಟವಾದ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿ ಸಂದದ್ದು 'ದಿ ಕೇರಳ ಸ್ಟೋರಿ'ಯ ನಿರ್ದೇಶಕರಿಗೆ. ಆಧಾರವಿಲ್ಲದ ಸಂಖ್ಯೆಗೆ ಸನ್ಮಾನ, ಕಣ್ಣಾರೆ ಕಂಡ ರೈತನಿಗೆ ಬಾಗಿಲು ಬಂದ್! ಯಾವ ಕತೆಯನ್ನು ಪೋಷಿಸಬೇಕು, ಯಾವುದನ್ನು ತಡೆಯಬೇಕು ಎಂಬುದು ಅಧಿಕಾರದಲ್ಲಿರುವವರಿಗೆ ಚೆನ್ನಾಗಿ ಗೊತ್ತಿದೆ. ಗೊತ್ತಿಲ್ಲದಿರುವುದು ನಮಗೆ ಮಾತ್ರ. ಮುಸ್ಲಿಮರನ್ನು ಹೀನಾಯವಾಗಿ ಚಿತ್ರಿಸುವ ಸಿನಿಮಾ ಬಂದಾಗ ನಾವು ಪ್ರತಿಭಟಿಸುತ್ತೇವೆ. ಅದು ನ್ಯಾಯವೇ. ಆದರೆ ರೈತರ ಸಿನಿಮಾವನ್ನು ತಡೆದಾಗ ನಮ್ಮ ಸಂಘಟನೆಗಳಲ್ಲಿ ಎಷ್ಟು ದನಿ ಎತ್ತಿದವು?

ಇಂಥ ಚಿತ್ರಗಳೆಂದರೆ ಅಧಿಕಾರಕ್ಕೆ ಏಕೆ ಅಳುಕು? ಭೂಸ್ವಾಧೀನದ ಅಧಿಸೂಚನೆಯೊಂದನ್ನು ಓದಿದರೆ ಉತ್ತರ ದೊರೆಯುತ್ತದೆ. ಅಲ್ಲಿರುವುದು ಸರ್ವೆ ನಂಬರು, ಎಕರೆ, ಗುಂಟೆ, ಚಕ್ಕುಬಂದಿ. ಆ ಸರ್ವೆ ನಂಬರಿನಲ್ಲಿ ಯಾರ ಅಜ್ಜನ ಗೋರಿಯಿದೆ, ಯಾವ ವಿಧವೆ ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕಿ ಮಕ್ಕಳನ್ನು ಓದಿಸುತ್ತಿದ್ದಾಳೆ ಎಂಬುದು ಅಲ್ಲಿ ನಮೂದಾಗಿರುವುದಿಲ್ಲ. ಕಾಗದದಲ್ಲಿ ಮನುಷ್ಯ ಕಾಣೆಯಾಗುತ್ತಾನೆ. ಕ್ಯಾಮೆರಾ ಆ ಮನುಷ್ಯನನ್ನು ಮರಳಿ ನಮ್ಮೆದುರು ತಂದು ನಿಲ್ಲಿಸುತ್ತದೆ. ಹೆಸರು ಹೇಳಿಸುತ್ತದೆ, ಹೊಲ ತೋರಿಸುತ್ತದೆ. ಒಮ್ಮೆ ಮುಖ ಕಂಡ ಮೇಲೆ 'ಅಷ್ಟು ಎಕರೆ' ಎಂದು ಹೇಳಿ ಮುಂದೆ ಹೋಗುವುದು ಯಾರಿಗೂ ಸುಲಭವಲ್ಲ.

'ಭೂಮಿಗೀತ' ಬಂದ ಕಾಲದಲ್ಲೇ ನಾಗರಹೊಳೆಯ ಕಾಡಿನಲ್ಲಿ ಏನಾಗುತ್ತಿತ್ತೆಂಬುದು ನೆನಪಿಸಿಕೊಳ್ಳತಕ್ಕದ್ದು. ವನ್ಯಜೀವಿಗಳ ರಕ್ಷಣೆಗೆಂದು ಜೇನುಕುರುಬ, ಬೆಟ್ಟಕುರುಬ, ಯರವ ಕುಟುಂಬಗಳನ್ನು ಹೊರಹಾಕಲಾದ ಕಾಡಿನೊಳಗೇ ಐಷಾರಾಮಿ ಹೋಟೆಲೊಂದಕ್ಕೆ ಜಾಗ ನೀಡಲಾಗಿತ್ತು. ಆದಿವಾಸಿಗಳು ಬೀದಿಗಿಳಿದು ಹೋರಾಡಿದರು, ನ್ಯಾಯಾಲಯದ ಮೆಟ್ಟಿಲೇರಿದರು. 1997ರಲ್ಲಿ ಹೈಕೋರ್ಟಿನ ತೀರ್ಪು ಆ ಹೋಟೆಲ್ ಯೋಜನೆಗೆ ತಡೆಯೊಡ್ಡಿತು. ಆದರೆ ಹೊರಹಾಕಲ್ಪಟ್ಟವರ ಗತಿಯೇನು? ಅವರ ಸ್ಥಿತಿಗತಿಯನ್ನು ಅರಿಯಲು ಹೈಕೋರ್ಟು ನೇಮಿಸಿದ ಸಮಿತಿಯ ಅಧ್ಯಕ್ಷರಾಗಿದ್ದವರು ಮೈಸೂರು ವಿಶ್ವವಿದ್ಯಾನಿಲಯದ ರಾಜ್ಯಶಾಸ್ತ್ರಜ್ಞ ಪ್ರೊ. ಮುಜಾಫರ್ ಅಸ್ಸಾದಿ. 2014ರಲ್ಲಿ ಸಲ್ಲಿಕೆಯಾದ ವರದಿ 3,418 ಆದಿವಾಸಿ ಕುಟುಂಬಗಳನ್ನು ಗುರುತಿಸಿ ಪುನರ್ವಸತಿಗೆ ಶಿಫಾರಸು ಮಾಡಿತು. 2025ರ ಜನವರಿಯಲ್ಲಿ ಅವರು ನಿಧನರಾದರು. ಅದೇ ವರ್ಷದ ಮೇ ತಿಂಗಳಲ್ಲಿ ಜೇನುಕುರುಬರ ಐವತ್ತಕ್ಕೂ ಮಿಕ್ಕಿದ ಕುಟುಂಬಗಳು 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಮುಂದಿಟ್ಟುಕೊಂಡು ನಾಗರಹೊಳೆಯ ತಮ್ಮ ಪೂರ್ವಜರ ಹಾಡಿಗೆ ಮರಳಿದವು. ಮುಸ್ಲಿಮ್ ವಿದ್ವಾಂಸರೊಬ್ಬರು ಆದಿವಾಸಿಗಳ ನೋವನ್ನು ಒಂದೊಂದು ಕುಟುಂಬವಾಗಿ ಲೆಕ್ಕವಿಟ್ಟು ನ್ಯಾಯಾಲಯದ ಮುಂದಿಟ್ಟರು ಎಂಬುದು ನಮ್ಮ ಎಷ್ಟು ಮದ್ರಸಾ, ಕಾಲೇಜುಗಳ ಮಕ್ಕಳಿಗೆ ತಿಳಿದಿದೆ?

ಇದೆಲ್ಲ ದೂರದ ಕಾಡಿನ ಮಾತಾಯಿತು, ಪಟ್ಟಣದಲ್ಲಿರುವ ನಮಗೇನು ಸಂಬಂಧ ಎಂದು ಕೇಳುವವರಿರಬಹುದು. ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನೇ ನೋಡೋಣ. ರಾಮನಗರ 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವ ವರೆಗೆ ಮಾಗಡಿ, ಕನಕಪುರದ ಬೆಟ್ಟಗುಡ್ಡಗಳ ಇರುಳಿಗರು ಈ ಜಿಲ್ಲೆಯವರೇ ಆಗಿದ್ದರು. ಇಂದು ಉಳಿದಿರುವ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲೂಕುಗಳಲ್ಲಿ ಕಾಡು ಹೆಚ್ಚಿಲ್ಲ. ಆದರೆ ತಲೆತಲಾಂತರದಿಂದ ಮಣ್ಣಿನೊಂದಿಗೆ ಬೆಸೆದುಕೊಂಡ ಜನರಿದ್ದಾರೆ. ಮಹಾನಗರ ಅವರತ್ತ ದಿನದಿಂದ ದಿನಕ್ಕೆ ಹರಿದು ಬರುತ್ತಿದೆ. 2008ರಲ್ಲಿ ಆರಂಭವಾದ ವಿಮಾನ ನಿಲ್ದಾಣಕ್ಕೆ ಸುಮಾರು 4,000 ಎಕರೆ ಹೋಯಿತು. ಅದರ ಬೆನ್ನಿಗೆ ಕೈಗಾರಿಕಾ ಪ್ರದೇಶಗಳು ಬಂದವು. ಆ ಬಳಿಕ ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯ ಮೇಲೆ ಕಣ್ಣು ಬಿತ್ತು.

ಮುಂದಿನದ್ದು ನಾಡು ಬಲ್ಲ ಇತಿಹಾಸ. 2022ರ ಎಪ್ರಿಲ್ 4ರಂದು ಆ ಹಳ್ಳಿಗಳ ಜನ ಧರಣಿ ಕುಳಿತರು. ಅವರಲ್ಲಿ ಬಹಳಷ್ಟು ಮಂದಿ ಸಣ್ಣ ಹಿಡುವಳಿದಾರರು, ದಲಿತರು, ಹಿಂದುಳಿದವರು. ಪ್ರತಿಪಕ್ಷದಲ್ಲಿದ್ದಾಗ ಧರಣಿಯ ಚಪ್ಪರಕ್ಕೆ ಬಂದು ಬೆಂಬಲ ಸೂಚಿಸಿದ ನಾಯಕರೇ ಅಧಿಕಾರಕ್ಕೆ ಬಂದ ಮೇಲೆ, ಮೂರು ಹಳ್ಳಿಗಳ 495 ಎಕರೆಯನ್ನು ಕೈಬಿಟ್ಟು ಉಳಿದುದನ್ನು ಸ್ವಾಧೀನಪಡಿಸಲು ಹೊರಟರು. 2025ರ ಜೂನ್ 25ರಂದು ಪೊಲೀಸರು ಪ್ರತಿಭಟನಾಕಾರರನ್ನು ಬಲವಂತವಾಗಿ ಎಳೆದೊಯ್ದರು. ಆಗ ರಾಜ್ಯದ ನಾನಾ ಸಂಘಟನೆಗಳು ರೈತರ ಬೆನ್ನಿಗೆ ನಿಂತವು. ನಟ, ನಿರ್ದೇಶಕ ಪ್ರಕಾಶ್ ರಾಜ್ ಹೋರಾಟದ ಮುಂಚೂಣಿಯಲ್ಲಿ ಕಾಣಿಸಿಕೊಂಡರು. 2025ರ ಜುಲೈ 15ರಂದು, ಹೋರಾಟದ 1,198ನೇ ದಿನ, ಸ್ವಾಧೀನ ಪ್ರಕ್ರಿಯೆಯನ್ನು ಸಂಪೂರ್ಣ ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದರು.

ಪ್ರಕಾಶ್ ರಾಜ್ ಅವರು ನಟಿಸಿದ 2021ರ ತಮಿಳು ಚಿತ್ರ 'ಜೈ ಭೀಮ್' ಪೊಲೀಸ್ ದೌರ್ಜನ್ಯಕ್ಕೆ ಬಲಿಯಾದ ಇರುಳ ಸಮುದಾಯದ ಕತೆ ಹೇಳಿತ್ತು. ತೆರೆಯ ಮೇಲೆ ದುರ್ಬಲರ ಕತೆಯಲ್ಲಿ ಪಾತ್ರ ವಹಿಸುವುದು ಸುಲಭ. ನಿಜವಾದ ದುರ್ಬಲರ ಪಕ್ಕದಲ್ಲಿ ನಿಂತು ಸರಕಾರವನ್ನು ಎದುರುಹಾಕಿಕೊಳ್ಳುವುದು ಕಷ್ಟ. ಕಲಾವಿದನ ಪ್ರಾಮಾಣಿಕತೆಗೆ ಇದೇ ಒರೆಗಲ್ಲು. ಹಾಗೆಂದು ದೇವನಹಳ್ಳಿಯ ಗೆಲುವನ್ನು ಸಿನಿಮಾ ಮಂದಿ ತಂದುಕೊಟ್ಟರು ಎಂದರೆ ಅದು ರೈತರಿಗೆ ಬಗೆಯುವ ಅನ್ಯಾಯ. ಗೆದ್ದವರು ಮೂರು ವರ್ಷಕ್ಕೂ ಮಿಕ್ಕಿ ಕದಲದೆ ಕುಳಿತವರು. ಕತೆ ಹೇಳುವವರು ಮಾಡಿದ್ದು ಆ ದನಿಯನ್ನು ಕೇಳದವರ ಕಿವಿಗೆ ತಲುಪಿಸುವ ಕೆಲಸ. ಅದು ಸಣ್ಣ ಕೆಲಸವಲ್ಲ.

ದೇವನಹಳ್ಳಿಯೆಂದರೆ ನಮಗೆ ಟಿಪ್ಪು ಸುಲ್ತಾನರ ಜನ್ಮಸ್ಥಳ. ಕೋಟೆಯ ಬಳಿ ಹೋಗಿ ಅಭಿಮಾನದಿಂದ ನಿಲ್ಲುತ್ತೇವೆ. ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ ಬುನಾದಿ ಹಾಕಿದವರು ಅವರು. ಅದೇ ತಾಲೂಕಿನ ವಿಜಯಪುರದಲ್ಲಿ ಇಂದಿಗೂ ರೇಷ್ಮೆಗೂಡಿನ ಮಾರುಕಟ್ಟೆಯಿದೆ. ನೂಲು ಬಿಚ್ಚುವ ರೀಲರುಗಳಲ್ಲಿ ನಮ್ಮವರು ಬಹಳ ಮಂದಿಯಿದ್ದಾರೆ. ಹಿಪ್ಪುನೇರಳೆ ಬೆಳೆಯುವ ಹೊಲ ಕಾಂಕ್ರೀಟಿನಡಿ ಹೋದರೆ ಗೂಡು ಎಲ್ಲಿಂದ ಬರಬೇಕು? ಗೂಡಿಲ್ಲದಿದ್ದರೆ ರೀಲರನ ಒಲೆ ಹೇಗೆ ಉರಿಯಬೇಕು? ರೈತನ ನೆಲ ಹೋದರೆ ಅವನ ಮನೆ ಮೊದಲು ಬೀಳುತ್ತದೆ, ನಮ್ಮ ಮನೆ ಅದರ ನಂತರ ಬೀಳುತ್ತದೆ. ವ್ಯತ್ಯಾಸ ಇಷ್ಟೇ.

ನೀರಿನ ಮಾತೂ ಹೀಗೆಯೇ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರ ಹಾದು ಹೆಸರಘಟ್ಟದತ್ತ ಸಾಗುವ ಅರ್ಕಾವತಿ ಒಂದು ಕಾಲದಲ್ಲಿ ಬೆಂಗಳೂರಿಗೇ ಕುಡಿಯುವ ನೀರು ಕೊಟ್ಟ ನದಿ. ಇಂದು ದೊಡ್ಡಬಳ್ಳಾಪುರ ಪಟ್ಟಣದ ಕೊಳಚೆಯೂ ಕೈಗಾರಿಕೆಗಳ ತ್ಯಾಜ್ಯವೂ ಸೇರಿ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳು ಕೆಟ್ಟಿವೆ. ಆ ಗ್ರಾಮಸ್ಥರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಮಹಾನಗರದ ಕಸ ತಂದು ಸುರಿಯುವುದರ ವಿರುದ್ಧ ಅದೇ ತಾಲೂಕಿನ ಚಿಗರೇನಹಳ್ಳಿ ಸುತ್ತಲಿನವರು ಬೀದಿಗಿಳಿದದ್ದೂ ಉಂಟು. ಕೊಳಚೆಗೆ ಧರ್ಮವಿಲ್ಲ. ಅದು ಮಸೀದಿಯ ಬಾವಿಯನ್ನೂ ದೇವಸ್ಥಾನದ ಕಲ್ಯಾಣಿಯನ್ನೂ ಒಂದೇ ಬಗೆಯಲ್ಲಿ ಕೆಡಿಸುತ್ತದೆ.

ಆದರೆ ಕೇವಲ ನಮ್ಮ ಲಾಭನಷ್ಟದ ಲೆಕ್ಕದಿಂದ ಈ ವಿಷಯವನ್ನು ನೋಡಿದರೆ ಸಾಲದು. ಅನ್ಯಾಯಕ್ಕೊಳಗಾದವನ ಪರವಾಗಿ ಸಾಕ್ಷಿ ನುಡಿಯುವುದು ಮುಸ್ಲಿಮನ ಇಷ್ಟಾನಿಷ್ಟಕ್ಕೆ ಬಿಟ್ಟ ವಿಷಯವಲ್ಲ. ನ್ಯಾಯದ ಮೇಲೆ ಅಚಲವಾಗಿ ನಿಂತು, ತನಗೋ ಹೆತ್ತವರಿಗೋ ಬಂಧುಗಳಿಗೋ ಪ್ರತಿಕೂಲವಾದರೂ ಅಲ್ಲಾಹನಿಗಾಗಿ ಸಾಕ್ಷಿಗಳಾಗಬೇಕೆಂಬುದು ಅನ್ನಿಸಾ ಅಧ್ಯಾಯದ 135ನೇ ಸೂಕ್ತದ ಆದೇಶ. ಸಾಕ್ಷ್ಯವನ್ನು ಬಚ್ಚಿಡುವವನ ಹೃದಯವೇ ಪಾಪಿಯೆಂದು ಅಲ್‌ಬಕರ ಅಧ್ಯಾಯ ಎಚ್ಚರಿಸುತ್ತದೆ. ಗೇಣುದ್ದದ ನೆಲವನ್ನು ಅನ್ಯಾಯವಾಗಿ ಕಬಳಿಸಿದವನಿಗೆ ಪರಲೋಕದಲ್ಲಿ ಆಗಲಿರುವ ಗತಿಯನ್ನು ಪ್ರವಾದಿ(ಸ) ವಿವರಿಸಿದ್ದಾರೆ. ಆ ನೆಲ ಮುಸ್ಲಿಮನದ್ದಾಗಿದ್ದರೆ ಮಾತ್ರ ಎಂಬ ಷರತ್ತು ಅಲ್ಲಿಲ್ಲ.

ಪರಿಸರ ರಕ್ಷಣೆ ಮತ್ತು ಬಡವರ ಬದುಕು ಒಂದಕ್ಕೊಂದು ವಿರೋಧಿಯೆಂದು ವಾದಿಸುವವರಿಗೆ ಇಸ್ಲಾಮೀ ಇತಿಹಾಸದಲ್ಲಿ ಸುಂದರವಾದ ಉತ್ತರವಿದೆ. ಖಲೀಫಾ ಉಮರ್(ರ) ಅವರ ಆಡಳಿತದಲ್ಲಿ 'ಹಿಮಾ' ಎಂಬ ಮೀಸಲು ಹುಲ್ಲುಗಾವಲುಗಳಿದ್ದವು. ಅದರ ಮೇಲ್ವಿಚಾರಕರಿಗೆ ಅವರು ಕೊಟ್ಟ ಸೂಚನೆಯನ್ನು ಇಮಾಮ್ ಬುಖಾರಿ ದಾಖಲಿಸಿದ್ದಾರೆ. ಮರ್ದಿತನ ಪ್ರಾರ್ಥನೆಗೆ ಅಂಜಿ ನಡೆಯಬೇಕು. ನಾಲ್ಕಾರು ಒಂಟೆ, ಕುರಿಗಳಿರುವ ಬಡವನನ್ನು ಒಳಗೆ ಬಿಡಬೇಕು. ಉಸ್ಮಾನ್(ರ), ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಂಥ ಶ್ರೀಮಂತರ ಹಿಂಡುಗಳನ್ನು ದೂರವಿಡಬೇಕು ಎಂಬುದು ಅದರ ತಾತ್ಪರ್ಯ. ಆ ಇಬ್ಬರೂ ಗೌರವಾನ್ವಿತ ಸಹಾಬಿಗಳು. ಆದರೂ ಹುಲ್ಲುಗಾವಲಿನ ಮೇಲೆ ಮೊದಲ ಹಕ್ಕು ಬಡವನದ್ದೆಂದು ಖಲೀಫರು ತೀರ್ಮಾನಿಸಿದರು. ನಾಗರಹೊಳೆಯಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಬಡವನನ್ನು ಹೊರಹಾಕಿ ಶ್ರೀಮಂತನ ಹೋಟೆಲಿಗೆ ಬಾಗಿಲು ತೆರೆಯಲಾಗಿತ್ತು.

ಇಲ್ಲಿ ಕೆಲವು ಆಕ್ಷೇಪಗಳನ್ನು ಎದುರುಗೊಳ್ಳಬೇಕಾಗುತ್ತದೆ. ಸಿನಿಮಾ ಎಂಬುದೇ ನಮಗೆ ನಿಷಿದ್ಧವಲ್ಲವೇ ಎಂಬುದು ಮೊದಲನೆಯದು. ಅಶ್ಲೀಲತೆ, ಹಿಂಸೆ, ಸುಳ್ಳುಗಳನ್ನು ಮಾರುವ ಸಿನಿಮಾದ ಪರವಾಗಿ ನಾವು ಇಲ್ಲಿ ವಾದಿಸುತ್ತಿಲ್ಲ. ಅದರ ಬಗ್ಗೆ ಹೆತ್ತವರು ಎಚ್ಚರವಿರಲೇಬೇಕು. ಆದರೆ ಕ್ಯಾಮೆರಾ ಒಂದು ಉಪಕರಣ. ಲೇಖನಿಯಿಂದ ಅಶ್ಲೀಲ ಬರೆಯುವವರಿದ್ದಾರೆಂದು ನಾವು ಬರವಣಿಗೆಯನ್ನು ತೊರೆದಿಲ್ಲ. ಅಲ್ಲದೆ ಇಂದು ಪ್ರತಿ ಮನೆಯ ಮಕ್ಕಳ ಕೈಯಲ್ಲೂ ಮೊಬೈಲ್ ಇದೆ. ಅವರು ನೋಡಲೇಬಾರದು ಎಂಬ ಕಾಲ ಕಳೆದುಹೋಗಿದೆ. ಏನನ್ನು ನೋಡಬೇಕು ಎಂಬುದನ್ನು ಕಲಿಸುವ ಹೊಣೆ ಮಾತ್ರ ಉಳಿದಿದೆ.

ನಮ್ಮ ಸಮಸ್ಯೆಗಳೇ ಬೆಟ್ಟದಷ್ಟಿರುವಾಗ ಆದಿವಾಸಿಯ, ರೈತನ ಹೊರೆಯನ್ನು ನಾವೇಕೆ ಹೊರಬೇಕು ಎಂಬುದು ಎರಡನೆಯದು. ನಮ್ಮ ಕಷ್ಟದಲ್ಲಿ ಇತರರು ದನಿಗೂಡಿಸಬೇಕೆಂದು ನಾವು ಬಯಸುತ್ತೇವೆ. ಇತರರ ಕಷ್ಟದಲ್ಲಿ ಕಾಣಿಸದವರ ದನಿಗೆ ಬೆಲೆ ಬರುವುದು ಹೇಗೆ? ಪ್ರವಾದಿತ್ವಕ್ಕೂ ಮೊದಲು ಮಕ್ಕಾದಲ್ಲಿ ಮರ್ದಿತರ ರಕ್ಷಣೆಗಾಗಿ ನಡೆದ ಹಿಲ್‌ಫುಲ್ ಫುಝೂಲ್ ಒಪ್ಪಂದದಲ್ಲಿ ಮುಹಮ್ಮದ್(ಸ) ಭಾಗಿಯಾಗಿದ್ದರು. ಅನ್ಯಾಯಕ್ಕೊಳಗಾಗಿದ್ದವನು ಹೊರಊರಿನ ವ್ಯಾಪಾರಿ. ಪ್ರವಾದಿತ್ವದ ನಂತರವೂ ಅವರು ಆ ಒಪ್ಪಂದವನ್ನು ಮೆಚ್ಚುಗೆಯಿಂದಲೇ ಸ್ಮರಿಸಿದರು.

ಅಭಿವೃದ್ಧಿ ಬೇಡವೇ, ಯುವಕರಿಗೆ ಉದ್ಯೋಗ ಬೇಡವೇ ಎಂಬುದು ಮೂರನೆಯದು. ಖಂಡಿತ ಬೇಕು. ಕಾರ್ಖಾನೆ ಬರಲಿ, ಉದ್ಯೋಗ ಸಿಗಲಿ. ಆದರೆ ಯಾರ ನೆಲ, ಯಾರ ಒಪ್ಪಿಗೆ, ಯಾರಿಗೆ ಲಾಭ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದೆ ಬರುವ ಅಭಿವೃದ್ಧಿಯು ಒಬ್ಬನ ಜೇಬಿನಿಂದ ಇನ್ನೊಬ್ಬನ ಜೇಬಿಗೆ ನಡೆಯುವ ವರ್ಗಾವಣೆ ಮಾತ್ರ. ಇರುವ ಎರಡು ಎಕರೆಯಲ್ಲಿ ತರಕಾರಿ, ದ್ರಾಕ್ಷಿ, ಹಾಲು ಎಂದು ಸ್ವಾವಲಂಬಿಯಾಗಿ ಬದುಕುವವನನ್ನು ಕಾರ್ಖಾನೆಯ ಗೇಟಿನ ಕಾವಲುಗಾರನನ್ನಾಗಿಸುವುದನ್ನು ಉದ್ಯೋಗ ಸೃಷ್ಟಿಯೆಂದು ಕರೆಯಲಾಗದು.

ಈ ದಾರಿಯಲ್ಲಿ ಮುಸ್ಲಿಮರು ನಡೆದದ್ದೇ ಇಲ್ಲ ಎಂದೂ ಅಲ್ಲ. ಕನ್ನಡ, ತುಳು, ಮಲಯಾಳಮ್ ಬೆರೆತ ಕಾಸರಗೋಡಿನ ಉದಾಹರಣೆ ನಮ್ಮ ಮುಂದಿದೆ. ಅಲ್ಲಿನ ಸರಕಾರಿ ಒಡೆತನದ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಮಿಕ್ಕಿ, 2000ದ ವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯಂಥ ಹಳ್ಳಿಗಳಲ್ಲಿ ವಿಕಲಾಂಗ ಮಕ್ಕಳು ಹುಟ್ಟಿದರು. ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ಚಿಕಿತ್ಸಾಲಯಕ್ಕೆ ಬರುತ್ತಿದ್ದ ರೋಗಿಗಳನ್ನು ಕಂಡು ಸಂಶಯಪಟ್ಟರು. 'ಅಡಿಕೆ ಪತ್ರಿಕೆ'ಯ ಶ್ರೀಪಡ್ರೆ ಅದನ್ನು ಬರಹದ ಮೂಲಕ ಜಗತ್ತಿಗೆ ತಿಳಿಸಿದರು. ಹಿಂದೆ ವೈಕಂ ಮುಹಮ್ಮದ್ ಬಶೀರರ ಕುರಿತು ಸಾಕ್ಷ್ಯಚಿತ್ರ ನಿರ್ಮಿಸಿದ್ದ ಎಂ.ಎ. ರಹ್ಮಾನ್ ಈ ಸಂತ್ರಸ್ತರ ಬಳಿಗೆ ಕ್ಯಾಮೆರಾ ಹಿಡಿದು ಹೋದರು. 'ಅರಜೀವಿತಙ್ಙಳ್‌ಕ್ಕೊರು ಸ್ವರ್ಗಂ' ಎಂಬ ಅವರ ಸಾಕ್ಷ್ಯಚಿತ್ರ ಆ ಮಕ್ಕಳನ್ನೂ ಅವರನ್ನು ಹೊತ್ತು ತಿರುಗುವ ತಾಯಂದಿರನ್ನೂ ನಾಡಿನ ಮುಂದೆ ತಂದಿತು. 2011ರಲ್ಲಿ ಸುಪ್ರೀಮ್ ಕೋರ್ಟು ಎಂಡೋಸಲ್ಫಾನನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಆದೇಶಿಸಿತು. ವೈದ್ಯ, ಪತ್ರಕರ್ತ, ಚಿತ್ರ ನಿರ್ಮಾಪಕ, ಬೀದಿಗಿಳಿದ ತಾಯಂದಿರು ಎಲ್ಲರೂ ಸೇರಿ ಕೊಟ್ಟ ಸಾಕ್ಷ್ಯದ ಫಲವದು. ರಹ್ಮಾನರ ಕ್ಯಾಮೆರಾ ಸಂತ್ರಸ್ತರ ಜಾತಿ, ಧರ್ಮ ಕೇಳಲಿಲ್ಲ ಎಂಬುದು ಗಮನಾರ್ಹ.

ಆದರೆ ಸಾಕ್ಷಿಗೂ ಶಿಸ್ತಿದೆ. ಸುದ್ದಿಯನ್ನು ಪರಿಶೀಲಿಸದೆ ಹರಡಬಾರದೆಂದು ಅಲ್‌ಹುಜುರಾತ್ ಅಧ್ಯಾಯ ಕಲಿಸುತ್ತದೆ. ದುರ್ಬಲರ ಪರ ನಿಲ್ಲುವ ಉತ್ಸಾಹದಲ್ಲಿ ಸಂಖ್ಯೆ ಉಬ್ಬಿಸಿದರೆ, ಇಲ್ಲದ ಕಣ್ಣೀರು ತುಂಬಿಸಿದರೆ ನಾವೂ ಆ 32,000ದ ದಾರಿಯನ್ನೇ ಹಿಡಿದಂತಾಗುತ್ತದೆ. ಇನ್ನೊಂದು ಎಚ್ಚರವೂ ಬೇಕು. ನೊಂದವರ ಪರವಾಗಿ ಮಾತಾಡುವ ನೆಪದಲ್ಲಿ ಅವರ ಬಾಯಿ ಮುಚ್ಚಿಸಬಾರದು. ಉತ್ತರ ಕನ್ನಡದ ಸಿದ್ದಿಗಳಲ್ಲಿ ಹಿಂದೂ, ಕ್ರೈಸ್ತರಂತೆ ಮುಸ್ಲಿಮರೂ ಇದ್ದಾರೆ. ಜಯನ್ ಚೆರಿಯನ್ 2024ರಲ್ಲಿ ಹೊರತಂದ 'ರಿದಮ್ ಆಫ್ ದಮ್ಮಾಮ್' ಚಿತ್ರದಲ್ಲಿ ಆ ಸಮುದಾಯ ತನ್ನದೇ ಕೊಂಕಣಿಯಲ್ಲಿ ಮಾತಾಡುತ್ತದೆ. ಹೀಗೆ ಅವರವರ ಕತೆಯನ್ನು ಅವರವರ ನುಡಿಯಲ್ಲೇ ಹೇಳಲು ಅವಕಾಶ ಮಾಡಿಕೊಡುವುದು ನಿಜವಾದ ಬೆಂಬಲ. ಹಿಜಾಬಿನ ಬಗ್ಗೆ ನಮ್ಮ ಹೆಣ್ಣುಮಕ್ಕಳನ್ನು ಕೇಳದೆ ಲೋಕವೆಲ್ಲ ಮಾತಾಡಿದಾಗ ಆದ ನೋವು ನಮಗಿನ್ನೂ ಮರೆತಿಲ್ಲ.

ಹಾಗಾದರೆ ಪಟ್ಟಣದ ಕುಟುಂಬಗಳು ಮಾಡಬಹುದಾದದ್ದೇನು? ಬಹಳ ದೊಡ್ಡದೇನೂ ಬೇಕಿಲ್ಲ. ಪ್ರತಿ ಜಮಾಅತ್‌ಗೂ ಒಂದು ಸಭಾಂಗಣವಿದೆ. ವರ್ಷಕ್ಕೆ ನಾಲ್ಕು ಬಾರಿಯಾದರೂ ಇಂಥ ಸಾಕ್ಷ್ಯಚಿತ್ರವನ್ನು ಅಲ್ಲಿ ತೋರಿಸಿ, ಮಹಿಳೆಯರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಚರ್ಚಿಸಬಹುದು. ನೆರೆಹೊರೆಯ ರೈತರನ್ನು, ದಲಿತ ಸಂಘಟನೆಗಳವರನ್ನು ಅಲ್ಲಿಗೆ ಆಹ್ವಾನಿಸಬಹುದು. ದೊಡ್ಡಬಳ್ಳಾಪುರದ, ಹೊಸಕೋಟೆಯ, ನೆಲಮಂಗಲದ ನಮ್ಮ ಕಾಲೇಜು ವಿದ್ಯಾರ್ಥಿಗಳು ರೀಲ್ಸಿಗೆ ವ್ಯಯಿಸುವ ಸಮಯದ ಒಂದು ಪಾಲನ್ನು ಊರಿನ ಕೆರೆಗೆ, ಕೆರೆಯ ನೆನಪಿರುವ ಹಿರಿಯರಿಗೆ ಕೊಡಬಹುದು. ದಿನಾಂಕ, ಜಾಗ ನಮೂದಿಸಿ, ಹೇಳುವವರ ಅನುಮತಿ ಪಡೆದು ಮಾಡಿಟ್ಟ ಹತ್ತು ನಿಮಿಷದ ಚಿತ್ರೀಕರಣ ನಾಳೆ ಗ್ರಾಮಸಭೆಯಲ್ಲಿ, ನ್ಯಾಯಾಲಯದಲ್ಲಿ ಆಧಾರವಾದೀತು. ಜುಮಾದ ಖುತ್ಬಾಗಳಲ್ಲಿ ನೆಲ, ಜಲ, ನೆರೆಯವನ ಹಕ್ಕುಗಳ ಪ್ರಸ್ತಾಪ ಬರಲಿ. ಇವುಗಳ ಜೊತೆಗೆ ನಮ್ಮವರೇ ಕೆರೆಯಂಗಳ ಒತ್ತುವರಿ ಮಾಡಿದ್ದರೆ, ನಮ್ಮವರ ಘಟಕದ್ದೇ ಕೊಳಚೆ ಕಾಲುವೆಗೆ ಹರಿಯುತ್ತಿದ್ದರೆ ಅದರ ವಿರುದ್ಧವೂ ಕ್ಯಾಮೆರಾ ತಿರುಗಲಿ. ಬಂಧುಗಳಿಗೆ ಪ್ರತಿಕೂಲವಾದರೂ ಸಾಕ್ಷಿ ಹೇಳಬೇಕೆಂಬ ಆದೇಶದ ಅರ್ಥ ಅದೇ ತಾನೆ?

ನೆಲ ಕಳೆದುಕೊಂಡವನ ಮೊರೆಯನ್ನು ಕಡತಗಳು ಮರೆಯಬಹುದು, ಸರಕಾರಗಳು ಮರೆಯಬಹುದು. ಅಂತ್ಯದಿನದಂದು ಭೂಮಿಯೇ ತನ್ನ ಮೇಲೆ ನಡೆದುದೆಲ್ಲವನ್ನೂ ಹೇಳಲಿದೆಯೆಂದು ಕುರ್‌ಆನಿನ ಅಝ್ಝಿಲ್‌ಝಾಲ್ ಅಧ್ಯಾಯ ತಿಳಿಸುತ್ತದೆ. ಅಂದು ದೇವನಹಳ್ಳಿಯ ಹೊಲವೂ ಅರ್ಕಾವತಿಯ ದಡವೂ ಮಾತಾಡುವಾಗ ನಾವು ಯಾರ ಪಕ್ಕದಲ್ಲಿ ನಿಂತಿದ್ದೆವೆಂಬುದೂ ಆ ಮಾತಿನಲ್ಲಿ ಸೇರಿರುತ್ತದೆ. ಇಂದೇ ಸಾಕ್ಷಿಗಳ ಸಾಲಿಗೆ ಸೇರಿಕೊಳ್ಳೋಣ.